ಕಣ್ಣಿಹಗ್ಗದ ಓಲೆ

ಕಿವಿ ಚುಚ್ಚುವುದು ನನ್ನ ಕೆಲಸ. ಮಕ್ಕಳ ಕಿವಿಯಲ್ಲ, ದನಗಳ ಕಿವಿ. ಪಶುಸಖಿ ಎಂದು ನನಗೊಂದು ಹುದ್ದೆ ಇದೆ. ಹುದ್ದೆ ಎನ್ನಲು ನನಗೇ ನಗು ಬರುತ್ತದೆ: ಮಳೆಗೂ ಬಿಸಿಲಿಗೂ ಒಂದೇ ಕೋಟು, ಹೆಗಲಿಗೊಂದು ಚೀಲ, ಚೀಲದಲ್ಲಿ ಇಕ್ಕಳ, ಕೈಯಲ್ಲಿ ಹಿಡಿದು ತಿರುಗುವ ಒಂದು ಮಿಷನ್ನು. ಕಾಮಗೆರೆಯ ಮನೆಯಿಂದ ಬೆಳಗ್ಗೆ ಸ್ಕೂಟಿ ಹತ್ತಿದರೆ ಹನೂರು, ಕೌದಳ್ಳಿ ಕಡೆಯ ಕೊಟ್ಟಿಗೆಗಳನ್ನೆಲ್ಲ ಸುತ್ತಿ, ಸಗಣಿ ಮೆತ್ತಿದ ಕಾಲಲ್ಲಿ ಮನೆಗೆ ಬರುತ್ತೇನೆ.

ದನದ ಕಿವಿಗೆ ಹಾಕುವ ಹಳದಿ ಬಿಲ್ಲೆಯನ್ನು ಆಫೀಸಿನವರು ಟ್ಯಾಗ್ ಎನ್ನುತ್ತಾರೆ. ನಮ್ಮ ಕಡೆಯ ಹೆಂಗಸರು ಮೊದಲ ದಿನವೇ ಅದಕ್ಕೆ ಓಲೆ ಎಂದು ಹೆಸರಿಟ್ಟರು. ನಮ್ಮ ಕಿವಿಯಲ್ಲಿ ಬೇವಿನ ಕಡ್ಡಿ, ದನದ ಕಿವಿಯಲ್ಲಿ ಸರ್ಕಾರದ ಓಲೆ ಎಂದು ಗೇಲಿ ಮಾಡಿದರು. ಅಂದಿನಿಂದ ನಾನು ಓಲೆಯವ್ವ. ನನ್ನ ಸ್ಕೂಟಿಯ ಸದ್ದು ಕೇಳಿದರೆ ಮಕ್ಕಳು ಓಲೆಯವ್ವ ಬಂದಳು ಎಂದು ಕೂಗುತ್ತಾ ಮುಂದೆ ಓಡುತ್ತಿದ್ದವು, ಗಂಡಸರು ಯಾವುದೋ ಕೆಲಸ ನೆನಪಾದವರಂತೆ ಹಿತ್ತಲ ಬಾಗಿಲಿಂದ ಜಾರುತ್ತಿದ್ದರು. ಕಿವಿ ಚುಚ್ಚಿದರೆ ಹಾಲು ಇಳಿಯುತ್ತದೆ, ಗಬ್ಬ ಹೋಗುತ್ತದೆ, ನಾಳೆ ಸರ್ಕಾರ ಬಂದು ಹಸುವನ್ನೇ ಹಿಡಿದುಕೊಂಡು ಹೋಗುತ್ತದೆ, ಹೀಗೆ ಒಬ್ಬೊಬ್ಬರದು ಒಂದೊಂದು ಮಾತು. ನನಗೆ ತಾಳ್ಮೆ ಕಡಿಮೆ. ಆದರೂ ಪ್ರತಿ ಮನೆಯ ಮುಂದೆ ನಿಂತು ಒಂದೇ ಮಾತನ್ನು ಹೇಳಿ ಹೇಳಿ ಒಪ್ಪಿಸುತ್ತಿದ್ದೆ.

"ಓಲೆ ಇದ್ರೆ ಎಲ್ ಓದ್ರೂ ಯಾರ ಮನೇದು ಅಂತ ಗೊತ್ತಾಯ್ತದೆ."

ಈ ಮಾತನ್ನು ನನಗೆ ಯಾರೂ ಕಲಿಸಿದ್ದಲ್ಲ, ನಾನೇ ಕಟ್ಟಿದ್ದು. ಕಾಡಂಚಿನ ಊರುಗಳಲ್ಲಿ ಮೇಯಲು ಹೋದ ದನ ದಾರಿ ತಪ್ಪುವುದು ಹೊಸದಲ್ಲ. ಹಾಗಾಗಿ ಈ ಮಾತು ಕೆಲಸ ಮಾಡುತ್ತಿತ್ತು. ಮೊದಮೊದಲು ಬಂದ ಬಿಲ್ಲೆಗಳಲ್ಲಿ ಬರೀ ನಂಬರಿತ್ತು. ಸಗಣಿ ಒರೆಸಿ, ಕಣ್ಣು ಕಿರಿದು ಮಾಡಿ ಓದಬೇಕಿತ್ತು, ಅಷ್ಟರಲ್ಲಿ ದನ ತಲೆ ಒದರಿದರೆ ಮತ್ತೆ ಮೊದಲಿಂದ. ಈಗಿನದರ ಹೊಟ್ಟೆಯೊಳಗೆ ಚಿಪ್ ಇದೆ. ಮಿಷನ್ನನ್ನು ಹತ್ತಿರ ತಂದರೆ ಕುಯ್ ಎನ್ನುತ್ತದೆ, ಮೊಬೈಲಿನಲ್ಲಿ ಆ ದನದ ಜಾತಕವೇ ಬಿಚ್ಚಿಕೊಳ್ಳುತ್ತದೆ. ಯಾರ ಮನೆಯದು, ಎಷ್ಟನೇ ಸೂಲು, ಯಾವ ಸೂಜಿ ಬಿದ್ದಿದೆ, ಯಾವುದು ಬಾಕಿ, ಎಲ್ಲ. ನನಗೆ ಆ ಸದ್ದು ಬಹಳ ಇಷ್ಟವಾಗಿತ್ತು ಎಂದು ಹೇಳಿಬಿಡುತ್ತೇನೆ. ಹಸುವೇ ಬಾಯಿಬಿಟ್ಟು ನಾನು ಇಂಥವರ ಮನೆಯವಳು ಎಂದಂತೆ ಅನಿಸುತ್ತಿತ್ತು.

ನನ್ನ ಅಕ್ಕನನ್ನು ಕೊಟ್ಟಿದ್ದು ಕೌದಳ್ಳಿಗೆ. ಅವ್ವ ಬೇಗ ತೀರಿಕೊಂಡಿದ್ದರಿಂದ ನನ್ನ ತಲೆ ಬಾಚಿ, ಹೇನು ಹೆಕ್ಕಿ, ಬೈದು ಬೆಳೆಸಿದವಳು ಅವಳೇ. ಅಕ್ಕನಿಗೆ ಒಬ್ಬಳೇ ಮಗಳು. ಅವಳನ್ನು ಕೊಳ್ಳೇಗಾಲದಾಚೆ ಮುಳ್ಳೂರಿಗೆ ಕೊಟ್ಟಿದ್ದರು. ಬೀಗರು ನೀರಾವರಿ ಇರುವವರು, ಗದ್ದೆ ಕಬ್ಬು ಉಂಟು. ನಮ್ಮದು ಮಳೆ ನಂಬಿದ ಹೊಲ. ಈ ಏರುತಗ್ಗು ಅಕ್ಕನ ಮನಸ್ಸಿನಲ್ಲಿ ಸದಾ ಕುಟುಕುತ್ತಿತ್ತು. ಬೀಗರ ಎದುರು ತಲೆ ತಗ್ಗಿಸುವಂಥದ್ದು ಏನೂ ಆಗಬಾರದು, ಅಷ್ಟೇ ಅವಳ ಬದುಕಿನ ಲೆಕ್ಕಾಚಾರ. ಅವರು ಮನೆಗೆ ಬರುತ್ತಾರೆಂದರೆ ಹಿಂದಿನ ದಿನವೇ ಕೊಟ್ಟಿಗೆಯನ್ನೂ ಸಾರಿಸುತ್ತಿದ್ದಳು.

ಮಗಳು ಬಾಣಂತನಕ್ಕೆ ಬಂದಳು, ಹೆಣ್ಣುಮಗು ಹುಟ್ಟಿತು. ನಮ್ಮಲ್ಲಿ ಬಾಣಂತಿ ಗಂಡನ ಮನೆಗೆ ಹೊರಡುವಾಗ ಮಗುವಿನ ಹಾಲಿಗೆಂದು ಕೈಲಾದವರು ಒಂದು ಹಸು ಹೊಡೆದುಕೊಡುತ್ತಾರೆ. ಅಕ್ಕನ ಕೊಟ್ಟಿಗೆಯಲ್ಲಿ ಎರಡೇ ದನ: ಮೂರನೇ ಸೂಲಿನ ಒಂದು ಕೆಂದ ಹಸು, ಅದರ ಹಿಂದಿನ ಸೂಲಿನ ಕಡಸು. ತಾಯಿಯಂತೆಯೇ ಕಡಸೂ ಕೆಂಪು. ಹಸುವಿನ ಕಾಲಡಿ ಒಂದು ಎಳೆಗರುವೂ ಇತ್ತು. ಕೆಂದ ಹಸು ಮಗಳಿಗೆ ಎಂದು ಅಕ್ಕ ಮೊದಲೇ ಸಾರಿಬಿಟ್ಟಿದ್ದಳು, ಮುಳ್ಳೂರಿನ ಬೀಗರ ಕಿವಿಗೂ ಬಿದ್ದಿತ್ತು. ಆ ಹಸುವಿಗೆ ಓಲೆ ಚುಚ್ಚಿದವಳು ನಾನೇ. ಅಂದು ಬಿಲ್ಲೆ ಮುಗಿದುಹೋಗಿ ಕಡಸಿನದು ಹಾಗೇ ಉಳಿಯಿತು. ಅಕ್ಕನ ಮನೆಯದಲ್ಲವೇ, ಇನ್ನೊಂದು ಸಲ ಬಂದಾಗ ಆಯಿತು ಎಂದುಕೊಂಡಿದ್ದೆ.

ಮಗಳು ಹೊರಡಲು ಇನ್ನೂ ದಿನಗಳಿದ್ದಾಗ ಒಂದು ಹುಚ್ಚುನಾಯಿ ಸಂತೆಮಾಳದ ಕಡೆಯಿಂದ ನುಗ್ಗಿ ಬೀದಿಯುದ್ದಕ್ಕೂ ಸಿಕ್ಕಿದ್ದನ್ನೆಲ್ಲ ಕಚ್ಚುತ್ತಾ ಓಡಿತು. ಬೀದಿಯ ಕೊನೆಯಲ್ಲಿ ಜನ ಅದನ್ನು ಬಡಿದು ಕೊಂದರು. ಅಷ್ಟರಲ್ಲಿ ಮನೆಯ ಮುಂದೆ ಕಟ್ಟಿದ್ದ ಕೆಂದ ಹಸುವಿನ ಮೂತಿಗೆ ಹಲ್ಲು ಊರಿ ಹೋಗಿತ್ತು. ನಾನು ಪಶು ಡಾಕ್ಟರ ಜೊತೆ ಹೋದೆ. ಅವರು ಗಾಯಕ್ಕೆ ಸೋಪು ಹಾಕಿ ತುಂಬಾ ಹೊತ್ತು ತೊಳೆದರು, ಮೊದಲ ಸೂಜಿ ಕೊಟ್ಟರು. ಇನ್ನೂ ಸೂಜಿಗಳಿವೆ, ಗಡುವಿಗೆ ಸರಿಯಾಗಿ ಬೀಳಬೇಕು, ಅದುವರೆಗೆ ಹಸುವನ್ನು ಎಲ್ಲಿಗೂ ಕಳುಹಿಸಬೇಡಿ, ಅದರ ಬಾಯಿಗೆ ಕೈ ಹಾಕಬೇಡಿ, ಹಾಲು ಬಳಸಬೇಡಿ ಎಂದು ಬಿಡಿಸಿ ಹೇಳಿದರು. ನಾನು ಮಿಷನ್ ಹಿಡಿದು ನಂಬರು ಓದಿಸಿ, ಹುಚ್ಚುನಾಯಿ ಕಡಿತ ಎಂದು ಹಾಕಿದೆ. ಮುಂದಿನ ಸೂಜಿಗಳ ದಿನಗಳು ತಾವೇ ಸಾಲಾಗಿ ಬಂದು ನಿಂತವು.

ಅಕ್ಕ ನನ್ನ ಪಕ್ಕದಲ್ಲೇ ನಿಂತು ಮೊಬೈಲನ್ನು ನೋಡುತ್ತಿದ್ದಳು. ಅವಳಿಗೆ ಓದು ಅಷ್ಟಕ್ಕಷ್ಟೇ. ನಾಯಿ ಕಚ್ಚಿದ್ದೂ ಇದರಲ್ಲಿ ಕೂತಿತಾ ಎಂದು ಕೇಳಿದಳು. ಕೂತಿತು ಎಂದೆ. ಮತ್ತೆ ಕೇಳಿದಳು.

"ಮುಳ್ಳೂರಲ್ಲಿ ಮಿಷನ್ ಇಡುದ್ರೂ ಕಾಣ್ತದಾ?"

"ಮುಳ್ಳೂರೇನು, ಡೆಲ್ಲೀಲಿ ಇಡುದ್ರೂ ಕಾಣ್ತದೆ" ಎಂದೆ. ನನ್ನ ಮಿಷನ್ನಿನ ಬಗ್ಗೆ ನನಗೆ ಅಷ್ಟು ಹೆಮ್ಮೆ. ಅಕ್ಕ ಒಳಗೆ ಹೋಗಿ ಡಾಕ್ಟರಿಗೆ ಕಾಫಿ ತಂದಳು.

ಮರುವಾರ ನನ್ನನ್ನು ಯಳಂದೂರು ಕಡೆಗೆ ಹಾಕಿದರು. ಬೆಟ್ಟದ ಬುಡದ ಊರುಗಳಲ್ಲಿ ಓಲೆ ಹಾಕುವ ಕೆಲಸ ಹಿಂದೆ ಬಿದ್ದಿತ್ತು, ಅಭ್ಯಾಸ ಇರುವವರು ಬೇಕು ಎಂದರು. ಕಾಮಗೆರೆಯಿಂದ ದಿನಾ ಹೋಗಿ ಬರುವುದು ಕಷ್ಟವೆಂದು ಅಲ್ಲೇ ಗುರುತಿನವರ ಮನೆಯಲ್ಲಿ ಉಳಿದೆ. ಕಾಡಿಗೆ ಮೇಯಲು ಹೋಗುವ ದನಗಳು ಮನುಷ್ಯರ ಕೈಗೆ ಅಷ್ಟಾಗಿ ಪಳಗಿರುವುದಿಲ್ಲ. ಕೊಂಬು ಹಿಡಿಯಲು ಇಬ್ಬರು, ಬಾಲ ಹಿಡಿಯಲು ಒಬ್ಬರು, ನಡುವೆ ನಾನು ಇಕ್ಕಳ ಹಿಡಿದು. ಒಂದು ಹೋರಿ ನನ್ನನ್ನು ಗೋಡೆಗೆ ಒತ್ತಿ ಪಕ್ಕೆ ಬಾವು ಬರಿಸಿತು. ಕೌದಳ್ಳಿ ಕಡೆಗೆ ನನ್ನ ಬದಲಿಗೆ ಒಬ್ಬ ಹೊಸ ಹುಡುಗನನ್ನು ಹಾಕಿದ್ದರು. ಅವನಿಗೆ ಅಕ್ಕನ ಮನೆಯ ವಿಷಯ ಹೇಳಿದ್ದೆ. ನಂಬರು ಪಟ್ಟಿಯಲ್ಲೇ ಇದೆ, ನೀವು ಚಿಂತೆ ಬಿಡಿ ಎಂದಿದ್ದ.

ಚಿಂತೆ ಬಿಡಲು ನನಗೆ ಬರುವುದಿಲ್ಲ. ಯಳಂದೂರು ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಯಲ್ಲಿ ಟೀ ಕುಡಿಯುತ್ತಾ ಆಗಾಗ ಅಕ್ಕನ ಹಸುವಿನ ನಂಬರು ತೆಗೆದು ನೋಡುತ್ತಿದ್ದೆ. ಎರಡನೇ ಸೂಜಿಯ ಎದುರು ಹಸಿರು ಗುರುತು ಬಿತ್ತು. ಆಮೇಲೆ ಮೂರನೆಯದು. ಗಡುವು ಒಂದೂ ತಪ್ಪಲಿಲ್ಲ, ಕೊನೆಯದೂ ಬಿತ್ತು. ಅಬ್ಬಾ ಎಂದು ಉಸಿರು ಬಿಟ್ಟೆ. ಹಿಂದೆಲ್ಲ ಇಂಥದ್ದು ಬಾಯಿಮಾತಿನಲ್ಲೇ ಕಳೆದುಹೋಗುತ್ತಿತ್ತು, ಈಗ ಕೂತಲ್ಲೇ ಗೊತ್ತಾಗುತ್ತದೆ ಎಂದು ಪಕ್ಕದಲ್ಲಿದ್ದವರಿಗೆ ಭಾಷಣವನ್ನೂ ಬಿಗಿದೆ. ಕೆಲವು ದಿನ ಕಳೆದು ಅಕ್ಕ ಫೋನ್ ಮಾಡಿ ಮಗಳನ್ನು ಕಳುಹಿಸಿದೆವು, ಹಸುವೂ ಹೋಯಿತು ಎಂದಳು. ಎಂದು ಕಳುಹಿಸಿದಳೆಂದು ನಾನು ಕೇಳಲಿಲ್ಲ, ಕೇಳುವ ಅಗತ್ಯವೇ ಕಾಣಲಿಲ್ಲ. ಸೂಜಿ ಎಲ್ಲ ಮುಗಿದಿದ್ದು ಕಣ್ಣೆದುರೇ ಇತ್ತು.

ಯಳಂದೂರಿನ ಕೆಲಸ ಮುಗಿಸಿ ನಾನು ವಾಪಸಾಗುವ ಹೊತ್ತಿಗೆ ಕಾಲುಬಾಯಿ ಜ್ವರದ ಲಸಿಕೆ ಶುರುವಾಗಿತ್ತು. ಕೌದಳ್ಳಿಗೆ ಹೋದ ದಿನ ಅಕ್ಕನ ಮನೆಯಿಂದಲೇ ಆರಂಭ ಮಾಡೋಣ ಎಂದುಕೊಂಡು ನೇರವಾಗಿ ಕೊಟ್ಟಿಗೆಗೆ ನುಗ್ಗಿದೆ. ಕಡಸು ಒಂದೇ ನಿಂತಿತ್ತು, ಚೆನ್ನಾಗಿ ಬೆಳೆದಿತ್ತು. ಬಿಲ್ಲೆ ತಂದಿದ್ದೇನೆ ಕಣೇ, ಇವತ್ತು ನಿನ್ನ ಕಿವಿ ಬಿಡಲ್ಲ ಎಂದು ಅದರ ಕೊರಳ ಕೆಳಗೆ ಜೋಲುವ ಗಂಗೆದೊಗಲು ಸವರಿದೆ. ಇನ್ನೊಂದು ಕೈಯಲ್ಲಿದ್ದ ಮಿಷನ್ ಕುಯ್ ಎಂದಿತು.

ಓಲೆ ಇಲ್ಲದ ಕಡಸು ಹೇಗೆ ಕೂಗಿತು? ಮೊಬೈಲ್ ನೋಡಿದೆ. ಹಸು, ಮೂರನೇ ಸೂಲು, ಹುಚ್ಚುನಾಯಿ ಕಡಿತ, ಸೂಜಿ ಎಲ್ಲ ಮುಗಿದಿದೆ. ಎದುರಿಗೆ ನಿಂತಿದ್ದದ್ದು ಇನ್ನೂ ಒಂದು ಸೂಲೂ ಕಾಣದ ಕಡಸು. ಅದರ ಕೊರಳ ಕೆಳಗೆ ಕೈ ಹಾಕಿದೆ. ಕಣ್ಣಿಯ ಗಂಟಿನ ಹತ್ತಿರ, ಕೆಂಪು ದಾರದಲ್ಲಿ ಬಿಗಿದು ಕಟ್ಟಿದ್ದ ಹಳದಿ ಬಿಲ್ಲೆ ಕೈಗೆ ಸಿಕ್ಕಿತು. 

ಕಣ್ಣಿ ಎಂದರೆ ದನದ ಕೊರಳಿಗೆ ಕಟ್ಟುವ ಹಗ್ಗ. ನಮ್ಮ ಕಡೆ ಹಸುವನ್ನು ಮಾರುವಾಗ ಕಣ್ಣಿಯನ್ನು ಕೊಡುವುದಿಲ್ಲ. ಕೊಂಡವನು ತನ್ನ ಹಗ್ಗ ತಂದು ಕಟ್ಟಿಕೊಂಡು ಹೋಗಬೇಕು. ಹಳೆಯ ಕಣ್ಣಿಯನ್ನು ಬಿಚ್ಚಿ ಕೊಟ್ಟಿಗೆಯಲ್ಲೇ ನೇತುಹಾಕುತ್ತಾರೆ, ಅದೂ ಹೋದರೆ ಕೊಟ್ಟಿಗೆಯ ಲಕ್ಷ್ಮಿ ಹಸುವಿನ ಹಿಂದೆಯೇ ಹೊರಟುಬಿಡುತ್ತಾಳೆ ಎಂದು. ಅದು ಮಾರಿದ ಹಸುವಿನ ಮಾತು. ಮಗಳಿಗೆ ಕೊಡುವ ಹಸುವಿನ ಕಣ್ಣಿಯನ್ನು ಯಾರೂ ಬಿಚ್ಚಿಟ್ಟುಕೊಳ್ಳುವುದಿಲ್ಲ. ಮಗಳ ಮನೆಗೆ ಲಕ್ಷ್ಮಿ ಹೋಗಲಿ ಎಂದೇ ಅಲ್ಲವೇ ಕೊಡುವುದು.

ನಾನು ಅಕ್ಕನನ್ನು ಕೂಗಿದೆ. ನನ್ನ ದನಿ ಹೇಗಿತ್ತೋ, ಭಾವನೂ ಓಡಿ ಬಂದರು. ಹಸುವಿನ ಓಲೆ ಇಲ್ಲಿಗೆ ಹೇಗೆ ಬಂತು ಎಂದು ಕೇಳಿದೆ. ಭಾವ ಬಾಯಿ ಸತ್ತವರು. ಕಣ್ಣಿ ಗಟ್ಟಿಯಾಗಿತ್ತು, ಸುಮ್ಮನೆ ನೇತಾಡುತ್ತಿತ್ತು, ಅದಕ್ಕೇ ಕಡಸಿಗೆ ಕಟ್ಟಿದೆ ಎಂದರು. ಬಿಲ್ಲೆ ಅದರಲ್ಲೇ ಇರಲಿ ಎಂದು ಬಿಟ್ಟರಂತೆ. ಹುಡುಗ ಬಂದಾಗ ಅವರೇ ಕಡಸನ್ನು ಹಿಡಿದುಕೊಟ್ಟಿದ್ದರು, ಬಂದಾಗಲೆಲ್ಲ. ಇದು ಯಾವ ಸೂಜಿ ಎಂದು ಅವರೂ ಕೇಳಲಿಲ್ಲ, ಹುಡುಗನೂ ಹೇಳಲಿಲ್ಲ. ಕಿವಿ ಹರಿದು ಓಲೆ ಬಿದ್ದರೆ ಜನ ಅದನ್ನು ಕೊರಳಿಗೆ ಕಟ್ಟುವುದು ಎಲ್ಲ ಊರಲ್ಲೂ ಇದೆ, ನಾನೂ ಎಷ್ಟೋ ಸಲ ಹಾಗೆ ಓದಿದ್ದೇನೆ. ಕತ್ತಲ ಕೊಟ್ಟಿಗೆ, ಕೆಂಪು ದನ, ಸರಿಯಾದ ನಂಬರು. ನಾಯಿ ಕಚ್ಚಿದ ಹಸುವಿನ ಸೂಜಿಗಳನ್ನೆಲ್ಲ, ಒಂದೂ ಗಡುವು ತಪ್ಪಿಸದೆ, ನಾಯಿ ಮೂಸಿಯೂ ನೋಡದ ಕಡಸಿಗೆ ಹಾಕಿ ಮುಗಿಸಿದ್ದರು.

ಅಕ್ಕ ಮಾತ್ರ ಕಂಬ ಹಿಡಿದು ನಿಂತಿದ್ದಳು. ಮಾರಿದೆಯಾ ಕೊಟ್ಟೆಯಾ ಎಂದು ಕೇಳಿದೆ. ಕೊಟ್ಟೆ ಎಂದಳು. ಕೊಟ್ಟ ಹಸುವಿನ ಕಣ್ಣಿ ಯಾಕೆ ಬಿಚ್ಚಿದೆ, ಓಲೆ ಯಾಕೆ ಕುಯ್ದೆ ಎಂದೆ. ಲಕ್ಷ್ಮಿ ಎಂದು ಏನೋ ಶುರು ಮಾಡಿದವಳು ನನ್ನ ಮುಖ ನೋಡಿ ನಿಲ್ಲಿಸಿದಳು.

"ನಾಯಿ ಕಚ್ಚಿದ್ ಅಸ ಒಡ್ಕೊಟ್ರು ಅಂತ ಬೀಗ್ರು ಆಡ್ಕತಿದ್ರು ಕಣಮ್ಮಿ. ಎಲ್ ಓದ್ರೂ ಗೊತ್ತಾಯ್ತದೆ ಅಂತ ನೀನೇ ಅಂದಲ್ಲ."

ಮೊದಲ ಸೂಜಿ ಬಿದ್ದಿದೆ, ಗಾಯವೂ ಒಣಗಿದೆ, ಸಾಕು ಎಂದುಕೊಂಡಿದ್ದಳು. ಹೊರಡುವ ದಿನವನ್ನು ಪಂಚಾಂಗ ನೋಡಿ ಗೊತ್ತು ಮಾಡಿ ಆಗಿತ್ತು. ಹಸು ಬರುತ್ತದೆಂದು ಬೀಗರು ಕೊಟ್ಟಿಗೆಯಲ್ಲಿ ಜಾಗ ಮಾಡಿದ್ದರು. ನಾನು ಯಳಂದೂರಿಗೆ ಹೋಗಿ ಎರಡು ದಿನಕ್ಕೇ ಓಲೆ ಕುಯ್ದು, ಹೊಸ ಹಗ್ಗ ಹಾಕಿ, ಹಣೆಗೆ ಕುಂಕುಮ ಇಟ್ಟು ಹಸುವನ್ನು ಎಳೆಗರುವಿನ ಜೊತೆ ಗಾಡಿ ಹತ್ತಿಸಿದ್ದಳು. ಮಗಳಿಗೂ ನಾಯಿಯ ಸುದ್ದಿ ಎತ್ತಬೇಡ, ಅದೇನೂ ಅಲ್ಲ, ಬರೀ ಗೀರು ಎಂದು ಹೇಳಿದ್ದಳು. ಕಿವಿಯ ತೂತು ಕಂಡು ಅಳಿಯ ಕೇಳಿದ್ದಕ್ಕೆ ಬೇಲಿಗೆ ಸಿಕ್ಕಿ ಹರಿಯಿತು ಎಂದಿದ್ದರಂತೆ. ಓಲೆಯನ್ನು ಎಸೆಯಲು ಮಾತ್ರ ಅವಳಿಗೆ ಮನಸ್ಸು ಬರಲಿಲ್ಲ, ಬಿಚ್ಚಿದ ಕಣ್ಣಿಗೇ ಕಟ್ಟಿ ಕೊಟ್ಟಿಗೆಯಲ್ಲಿ ನೇತುಹಾಕಿದ್ದಳು. ಓಲೆ ಅಲ್ಲವೇ.

ಹಸು ಈಗ ಹೇಗಿದೆ ಎಂದು ಕೇಳಿದೆ. ಆ ಪ್ರಶ್ನೆ ಕೇಳುವಾಗಲೇ ನನಗೆ ಉತ್ತರ ಗೊತ್ತಿತ್ತು. ಅದು ಸತ್ತು ತಿಂಗಳ ಮೇಲಾಯಿತು ಎಂದಳು. ನನಗೆ ಹೇಳಿದರೆ ಎಲ್ಲವನ್ನೂ ಮಿಷನ್ನಿಗೆ ಹಾಕುತ್ತೇನೆ, ಬೀಗರಿಗೆ ತಿಳಿಯುತ್ತದೆ ಎಂದು ಮುಚ್ಚಿಟ್ಟಿದ್ದರು. ಹೇಗೆ ಸತ್ತಿತು ಎಂದು ಕೇಳಿದಾಗ ಅಕ್ಕ ಮಗಳು ಹೇಳಿದ್ದನ್ನೇ ಹೇಳಿದಳು. ಮೇವು ಬಿಟ್ಟಿತು, ಜೊಲ್ಲು ಸುರಿಸಿತು, ನೀರಿಗೆ ಬಾಯಿ ಹಾಕಿ ಹಾಕಿ ಹಿಂದೆಗೆಯಿತು, ದನಿ ಒಡೆದ ಹಾಗೆ ಅರಚಿತು. ಗಂಟಲಲ್ಲಿ ಮಾವಿನ ಓಟೆ ಸಿಕ್ಕಿಕೊಂಡಿದೆ ಎಂದುಕೊಂಡರು. ನಮ್ಮಲ್ಲಿ ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ಅಕ್ಕನ ಮಗಳ ಕೈ ಸಣ್ಣದು. ತೌರಿನ ಹಸು ಅವಳ ಕೈಗೆ ಹೊಂದಿಕೊಂಡಿತ್ತು, ಬೇರೆ ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ. ಅವಳೇ ಮೊಣಕೈವರೆಗೂ ಕೈ ಹಾಕಿ ಗಂಟಲಲ್ಲಿ ತಡಕಿದ್ದಳು. ಓಟೆ ಇರಲಿಲ್ಲ. ಹಲ್ಲು ತಾಗಿ ಕೈ ಗೀರಿತ್ತು.

ಅಕ್ಕ ಇನ್ನೂ ಮಾತಾಡುತ್ತಿದ್ದಳು. ನಾನು ಸ್ಕೂಟಿ ಹತ್ತಿದ್ದೆ.

ಕೌದಳ್ಳಿಯಿಂದ ಹನೂರು, ಹನೂರಿನಿಂದ ಕಾಮಗೆರೆ, ನನ್ನ ಮನೆಯ ಮುಂದೆಯೇ ಹಾದು ಕೊಳ್ಳೇಗಾಲ, ಅಲ್ಲಿಂದ ಮುಳ್ಳೂರು. ದಾರಿಯುದ್ದಕ್ಕೂ ತಿಂಗಳ ಮೇಲಾಯಿತು ಎಂಬ ಒಂದೇ ಮಾತನ್ನು ತಿರುವಿಹಾಕುತ್ತಿದ್ದೆ. ಎಷ್ಟೋ ಜನರಿಗೆ ರೋಗ ಹೊರಬರಲು ತಿಂಗಳುಗಳು ಹಿಡಿಯುತ್ತವೆ ಎಂದು ತರಬೇತಿಯಲ್ಲಿ ಹೇಳಿದ್ದರು. ಅದು ಹೊರಬರುವ ಮೊದಲು ಸೂಜಿ ಬಿದ್ದರೆ ಮನುಷ್ಯ ಉಳಿಯುತ್ತಾನೆ, ಹೊರಬಂದ ಮೇಲೆ ಬಿದ್ದರೆ ಇಲ್ಲ. ನಡುವೆ ಬೇರೆ ಏನೂ ಇಲ್ಲ. ಅಕ್ಕನ ಮೇಲೆ ಬಂದ ಸಿಟ್ಟಿಗೆ ದಾರಿಯಲ್ಲಿ ಒಬ್ಬಳೇ ಬಾಯಿಗೆ ಬಂದಂತೆ ಬೈದೆ, ದೇವರಿಗೆ ಹರಕೆಯನ್ನೂ ಹೊತ್ತೆ.

ಮುಳ್ಳೂರಿನಲ್ಲಿ ಅಕ್ಕನ ಮಗಳು ಮನೆಯ ಮುಂದಿನ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದಳು. ಮಗು ಜಗಲಿಯಲ್ಲಿ ಚಾಪೆಯ ಮೇಲೆ ಕೈಕಾಲು ಆಡಿಸುತ್ತಿತ್ತು. ನನ್ನನ್ನು ಕಂಡು ನಕ್ಕಳು, ಎದ್ದು ಸೆರಗಿಗೆ ಕೈ ಒರೆಸಿಕೊಂಡಳು. ದೇವರೇ, ನೀರು ಮುಟ್ಟುತ್ತಿದ್ದಾಳೆ ಎಂದು ನನಗೆ ಹೇಳಲಾರದಷ್ಟು ಸಂತೋಷವಾಯಿತು. ಹಸುವಿನ ಸಾವು ತಿಳಿ‌ದು ನಾನು ಬೈಯಲು ಬಂದಿದ್ದೇನೆ ಎಂದು ಅವಳು ಅಂದುಕೊಂಡಳು. ಅವ್ವನೇ ಹೇಳಬೇಡ ಎಂದಿದ್ದಳು ಚಿಕ್ಕವ್ವ ಎಂದು ಸಮಾಧಾನ ಹೇಳುತ್ತಾ ಬಲಗೈಯನ್ನು ಎಡಗೈಯಿಂದ ತಿಕ್ಕುತ್ತಿದ್ದಳು. ಮಾತಿನ ನಡುವೆಯೂ ತಿಕ್ಕುತ್ತಲೇ ಇದ್ದಳು. ಯಾಕೆ ಎಂದು ಕೇಳಿದೆ.

"ನೆನ್ನೆಯಿಂದ ಯಾಕೋ ಈ ಕೈ ಜುಮ್ ಅಂತದೆ ಚಿಕ್ಕವ್ವ. ಇರುವೆ ಅರ್ದಂಗೆ."

ಗೀರಿದ ಜಾಗ ಎಂದೋ ಒಣಗಿತ್ತು. ಅದರ ಮೇಲೆ ಬಿಳಿ ಗೆರೆ ಮಾತ್ರ ಉಳಿದಿತ್ತು. ತರಬೇತಿಯಲ್ಲಿ ಇದನ್ನೂ ಹೇಳಿದ್ದರು, ಕಚ್ಚಿದ ಜಾಗವೇ ಮೊದಲು ಮಾತಾಡುತ್ತದೆ ಎಂದು. ನಾನು ನಗುತ್ತಲೇ ನಡಿ, ಒಂದು ಸೂಜಿ ಹಾಕಿಸಿಕೊಂಡು ಬರೋಣ ಎಂದೆ. ಆ ನಗು ಎಲ್ಲಿಂದ ತಂದೆನೋ ನನಗೆ ಗೊತ್ತಿಲ್ಲ.

ಕೊಳ್ಳೇಗಾಲದ ಆಸ್ಪತ್ರೆಯ ಡಾಕ್ಟರು ಅವಳ ಎದುರು ಏನೂ ತೋರಿಸಿಕೊಳ್ಳಲಿಲ್ಲ. ಸೂಜಿ ಕೊಟ್ಟರು, ಗಂಡ, ಅತ್ತೆ, ಮಾವ ಎಲ್ಲರನ್ನೂ ಕರೆಸಿ ಅವರಿಗೂ ಕೊಟ್ಟರು, ಎದೆಹಾಲು ಕುಡಿಯುವ ಮಗುವಿಗೂ ಕೊಟ್ಟರು. ನನ್ನನ್ನು ಹೊರಗೆ ಕರೆದು ಮೈಸೂರಿಗೆ ಕರೆದುಕೊಂಡು ಹೋಗಿ ಎಂದರು.  ಮೈಸೂರು ತಲುಪಿದ ಮಾರನೇ ದಿನ ಅವಳು ಲೋಟ ಬಾಯಿಗೆ ತಂದವಳು ದೂರ ಎಸೆದಳು. ಮತ್ತೆ ಎತ್ತಿಕೊಂಡಳು, ಮತ್ತೆ ಆಗಲಿಲ್ಲ. ಬಾಯಾರಿಕೆ ಆಗಿದೆ ಎನ್ನುತ್ತಿದ್ದಳು. ಫ್ಯಾನು ತಿರುಗಿದರೂ ಗಂಟಲು ಬಿಗಿಯುತ್ತಿತ್ತು, ಅದನ್ನು ನಿಲ್ಲಿಸಿದರು. ಬುದ್ಧಿ ಮಾತ್ರ ನೆಟ್ಟಗಿತ್ತು, ಅದೇ ನನಗೆ ತಡೆಯಲಾಗಲಿಲ್ಲ. ಎದೆ ಕಟ್ಟಿಕೊಂಡಿದೆ, ಮಗುವಿಗೆ ಏನು ಕುಡಿಸುತ್ತಿದ್ದೀರಿ ಎಂದು ಕೇಳಿದಳು. ಪ್ಯಾಕೆಟ್ ಹಾಲು ಎಂದೆ. ಅದು ಸಪ್ಪೆ ಇರ್ತದೆ ಚಿಕ್ಕವ್ವ, ನಮ್ಮ ಹಸುವಿನ ಹಾಲು ಚೆನ್ನಾಗಿತ್ತು ಎಂದಳು. ಆ ವಾರ ಕಳೆಯಲಿಲ್ಲ.

ನಾನು ಹಸು ನೋಡಿಕೊಳ್ಳುವವಳು, ಅದೆಷ್ಟೋ ದನಗಳು ಸಾಯುವುದನ್ನು ನೋಡಿದ್ದೇನೆ. ಈ ಸಾವನ್ನು ಯಾವ ದನಕ್ಕೂ ಬಯಸುವುದಿಲ್ಲ.

ಆಮೇಲೆ ಆಫೀಸಿನವರು ಬಹಳ ಜನ ಬಂದರು, ಬಹಳ ಕೇಳಿದರು. ಮುಳ್ಳೂರಿನ ಓಣಿಯಲ್ಲಿ ಹಾಲು ಕುಡಿದವರು, ಮಣ್ಣು ಮಾಡಲು ಹಸುವನ್ನು ಎಳೆದವರು ಎಲ್ಲರಿಗೂ ಸೂಜಿ ಬಿದ್ದಿತು, ಆ ಎಳೆಗರುವಿಗೂ ಬಿದ್ದಿತು. ಬೇರೆ ಯಾರಿಗೂ ಏನೂ ಆಗಲಿಲ್ಲ. ಹಳ್ಳಿಯವರ ಮೂಢನಂಬಿಕೆ ನೋಡಿ, ಲಕ್ಷ್ಮಿ ಹೋಗುತ್ತಾಳೆಂದು ಓಲೆ ಕಿತ್ತರು ಎಂದು ಒಬ್ಬರು ನನ್ನ ಎದುರೇ ಹೇಳಿದರು. ನನಗೆ ಪಿತ್ತ ನೆತ್ತಿಗೇರಿತು. ಮೂಢನಂಬಿಕೆ ಏನೂ ಅಲ್ಲ ಸಾ, ನಾಚಿಕೆ ಎಂದೆ. ಬಡವರ ಮನೆಯ ಹೆಣ್ಣು ಕೊಟ್ಟವರಿಗೆ ಇರುವ ನಾಚಿಕೆ. ಅದಕ್ಕೆ ಸೂಜಿ ಕಂಡುಹಿಡಿದಿದ್ದೀರಾ ಎಂದೂ ಕೇಳಿದೆ. ಅವರು ಮೊಬೈಲ್ ನೋಡುತ್ತಾ ಜೀಪಿನ ಕಡೆ ನಡೆದರು.

ಆ ನಂಬರನ್ನು ಮುಚ್ಚುವ ಕೆಲಸವೂ ನನ್ನದೇ ಆಯಿತು. ದನ ಪಟ್ಟಿಯಿಂದ ಹೋಗಬೇಕಾದರೆ ಕಾರಣ ಕೊಡಬೇಕು. ಸತ್ತಿದೆ, ಮಾರಿದೆ, ಕಳೆದಿದೆ, ಇಷ್ಟೇ ಕಾರಣಗಳು. ಮಗಳಿಗೆ ಕೊಟ್ಟಿದೆ ಎಂಬುದು ಅದರಲ್ಲಿ ಇಲ್ಲ. ಸತ್ತಿದೆ ಎಂಬುದನ್ನು ಒತ್ತಿದೆ. ಕಡಸಿನ ಕಣ್ಣಿಯಿಂದ ಆ ಬಿಲ್ಲೆಯನ್ನು ಬಿಚ್ಚಿ ಆಫೀಸಿಗೆ ಕೊಟ್ಟೆ. ಕಡಸಿಗೆ ಹೊಸ ಓಲೆ ಚುಚ್ಚಿದೆ, ಅಕ್ಕ ಆ ಹೊತ್ತು ಹೊರಗೆ ಬರಲಿಲ್ಲ.

ಮಣ್ಣಿನ ದಿನದ ಮಾತನ್ನು ಕೊನೆಗೆಂದು ಇಟ್ಟುಕೊಂಡಿದ್ದೆ. ಅಕ್ಕನ ಮಗಳನ್ನು ಮುಳ್ಳೂರಿನಲ್ಲೇ ಮಣ್ಣು ಮಾಡಿದ್ದು. ಆಸ್ಪತ್ರೆಯವರು ಮೈ ಪೂರ್ತಿ ಸುತ್ತಿ ಕಳುಹಿಸಿದ್ದರು, ತೊಳೆಯುವುದು ಬಳಿಯುವುದು ಬೇಡ ಎಂದಿದ್ದರು. ನೋಡಲು ಮುಖ ಮಾತ್ರ ಬಿಚ್ಚಿದ್ದರು. ಯಾರೂ ಹತ್ತಿರ ಹೋಗಲು ಧೈರ್ಯ ಮಾಡಲಿಲ್ಲ. ಗುಂಡಿಗೆ ಇಳಿಸುವ ಮೊದಲು ಮೈಮೇಲಿನ ಚಿನ್ನ ತೆಗೆಯುವುದು ರೂಢಿ. ಉಳಿದದ್ದನ್ನು ಆಸ್ಪತ್ರೆಯಲ್ಲೇ ಕೊಟ್ಟಿದ್ದರು, ಕಿವಿಯ ಓಲೆ ಮಾತ್ರ ಉಳಿದುಕೊಂಡಿತ್ತು. ಮದುವೆಯಲ್ಲಿ ಅಕ್ಕ ಹಾಕಿದ್ದು. ಅವಳ ಅತ್ತೆ ಕೆಟ್ಟವಳಲ್ಲ, ಅತ್ತು ಅತ್ತು ದನಿ ಹೋಗಿತ್ತು. ನಿನ್ನ ಚೀಲದಲ್ಲಿ ಕೈಗವಸು ಇರುತ್ತದಲ್ಲ ತಾಯಿ, ಮಗುವಿಗಾಗುತ್ತದೆ, ನೀನೇ ಬಿಚ್ಚಿಕೊಡು ಎಂದಳು. ಅದು ಸರಿಯಾದ ಮಾತೇ. ಕಿವಿಯ ಕೆಲಸ ನನ್ನದು ತಾನೇ.

ಕೈಗವಸು ಹಾಕಿಕೊಂಡು ಮೊಣಕಾಲೂರಿ ಕೂತೆ. ಬಲಗಿವಿಯ ಹಿಂದೆ ಬೆರಳು ಹಾಕಿ ತಿರುಪು ಸಡಿಲಿಸಿದೆ. ಅಷ್ಟರಲ್ಲಿ ಯಾರೋ ನನ್ನ ಮಣಿಕಟ್ಟು ಹಿಡಿದರು. ತಿರುಗಿ ನೋಡಿದರೆ ಅಕ್ಕ. 

"ಓಲೆ ಬುಚ್ಬೇಡ ಕಣಮ್ಮಿ. ಇರ್ಲಿ. ಓದ್ ಕಡೆ ಯಾರ ಮನೇದು ಅಂತ ಗೊತ್ತಾಗ್ಲಿ."

ಬೀಗರು ನಿಂತಿದ್ದರು, ಊರವರು ನಿಂತಿದ್ದರು.  ನಾನು ಮತ್ತೆ ಅವಳ ಕಿವಿಯ ಹಿಂದೆ ಬೆರಳು ಹಾಕಿ ತಿರುಪನ್ನು ಬಿಗಿ ಮಾಡಿದೆ.